ಹಾರ ಹಾಕುವಾಗ ಬಿದ್ದ ಗಂಟು

ತಾಲ್ಲೂಕಿನ ಸರ್ಕಾರಿ ಶಾಲೆಗಳಿಗೆಲ್ಲ ಹಿರಿಯರಾದ ಕ್ಷೇತ್ರ ಶಿಕ್ಷಣಾಧಿಕಾರಿಗಳೇ, ಮಾನ್ಯರೇ,

ಏಳನೇ ತರಗತಿಯ ಮಕ್ಕಳು ಆಡಿದ ನಾಟಕದಲ್ಲಿ ಒಂದು ಸುಳ್ಳು ಮದುವೆ ನಡೆಯಿತೆಂದು ನೀವು ನಮ್ಮ ಶಾಲೆಗೆ ನೋಟಿಸು ಕಳಿಸಿದ್ದೀರಿ. ಆ ನಾಟಕದಲ್ಲಿ ಮದುಮಗಳಾಗಿದ್ದ ಹುಡುಗಿಗೆ ಯುಗಾದಿ ಕಳೆದ ಮೇಲೆ ನಿಜವಾದ ಮದುವೆ ನಡೆಯಲಿದೆ. ಅದರ ಬಗ್ಗೆ ನಿಮ್ಮ ಕಚೇರಿಯಿಂದ ಇನ್ನೂ ಒಂದು ಸಾಲೂ ಹೊರಟಿಲ್ಲ. ಸುಳ್ಳು ಮದುವೆಗೆ ಇಷ್ಟು ಚುರುಕಾಗಿ ಕಣ್ಣು ತೆರೆದ ಇಲಾಖೆ ನಿಜವಾದ ಮದುವೆಗೆ ಹೇಗೆ ನಿದ್ದೆ ಮಾಡುತ್ತದೆ ಎಂದು ಕೇಳುವುದಕ್ಕಾಗಿ ಈ ಪತ್ರ.

ಬಹಿರಂಗವಾಗಿ ಬರೆಯಲು ನನಗೆ ಇಷ್ಟವಿರಲಿಲ್ಲ. ಮಕ್ಕಳ ಮತ್ತು ದೊಡ್ಡವರ ಹೆಸರುಗಳನ್ನು ಬದಲಿಸಿದ್ದೇನೆ, ಊರಿನ ಹೆಸರನ್ನು ಬಿಟ್ಟಿದ್ದೇನೆ. ತಾಲ್ಲೂಕು ಮುಳಬಾಗಿಲು ಇರಬಹುದು, ಶ್ರೀನಿವಾಸಪುರ ಇರಬಹುದು, ಮಾಲೂರೂ ಇರಬಹುದು. ಓದುವವರಿಗೆ ಅದು ಬೇಕಿಲ್ಲ. ನಿಮ್ಮ ಗುರುತು ನಿಮಗೆ ಸಿಗುತ್ತದೆ.

ನಾನು ಆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅತಿಥಿ ಶಿಕ್ಷಕಿ. ಓದಿದ್ದು ಕೋಲಾರದ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ. ಅಲ್ಲಿ ನಾಟಕವೆಂದರೆ ರಟ್ಟಿನ ಕಿರೀಟ ಇಟ್ಟುಕೊಂಡು ಇಂಗ್ಲಿಷಿನ ಮಾತುಗಳನ್ನು ಉರು ಹೊಡೆದು ಒಪ್ಪಿಸುವುದು. ನಾವು ಆಡುತ್ತಿದ್ದ ಮಾತು ನಮ್ಮ ತಾಯಂದಿರಿಗೆ ತಿಳಿಯುತ್ತಿರಲಿಲ್ಲ, ಆದ್ದರಿಂದ ಯಾರಿಗೂ ನೋವಾಗುತ್ತಿರಲಿಲ್ಲ. ನಾಟಕದಿಂದ ಒಂದು ಮನೆಗೆ ಬೆಂಕಿ ಬೀಳಬಹುದು ಎಂಬ ಅಳುಕೇ ಇಲ್ಲದೆ ಬೆಳೆದವಳು ನಾನು. ನಲವತ್ತು ದಾಟಿದ ಮೇಲೆ ಆ ಅಳುಕನ್ನು ಕಲಿಯುತ್ತಿದ್ದೇನೆ.

ಶಾಲಾ ವಾರ್ಷಿಕೋತ್ಸವದಲ್ಲಿ ಬಾಲ್ಯವಿವಾಹ ತಡೆಯುವ ಬಗ್ಗೆ ಜಾಗೃತಿ ಕಾರ್ಯಕ್ರಮ ಇರಲೇಬೇಕೆಂದು ಸುತ್ತೋಲೆ ಕಳಿಸಿದವರು ನೀವು. ನೆನಪಿಸಬೇಕಾಗಿ ಬಂದದ್ದಕ್ಕೆ ಕ್ಷಮಿಸಿ. ಮುಖ್ಯ ಶಿಕ್ಷಕರಾದ ಚನ್ನರಾಯಪ್ಪನವರು ಅದನ್ನು ನನ್ನ ಕೈಗೆ ಕೊಟ್ಟು, "ನೀವು ಇಂಗ್ಲಿಷ್ ಓದಿರೋರು, ಏನಾದ್ರೂ ಹೊಸದಾಗಿ ಮಾಡ್ಸಮ್ಮ" ಎಂದರು. ನಾನು ಮಾಡಿಸಿದೆ.

ಮಾತುಗಳನ್ನು ಮಕ್ಕಳೇ ಕಟ್ಟಿದರು. ಕಥೆ ಸಣ್ಣದು: ಹಸೆಮಣೆಯ ಮೇಲೆ ಹುಡುಗಿ, ಪಕ್ಕದಲ್ಲಿ ಮದುಮಗ. ಅವನು ಅರಿಶಿನ ದಾರವನ್ನು ಅವಳ ಕೊರಳ ಬಳಿ ತರುತ್ತಾನೆ, ಗಟ್ಟಿಮೇಳ ಶುರುವಾಗುತ್ತದೆ. ಅಷ್ಟರಲ್ಲಿ ಒಬ್ಬ ಅಧಿಕಾರಿ ಜನರ ನಡುವಿನಿಂದ ಬಂದು ಮದುವೆ ನಿಲ್ಲಿಸುತ್ತಾರೆ. ಅಧಿಕಾರಿಯ ಪಾತ್ರ ಅನಿತಳದು. ಅವಳಿಗೊಬ್ಬಳಿಗೆ ನಾನು "ಈ ವಿವಾಹವನ್ನು ಕೂಡಲೇ ನಿಲ್ಲಿಸಿ" ಎಂಬ ಮಾತು ಬರೆದುಕೊಟ್ಟಿದ್ದೆ. ತರಗತಿಯೆಲ್ಲ ನಕ್ಕಿತು.

"ಅಂಗಂದ್ರೆ ಯಾರೂ ನಿಲ್ಸಲ್ಲ ಮಿಸ್" ಎಂದಳು ಅನಿತ. "ನಮ್ಮೂರಲ್ಲಿ ಮದ್ವೆ ನಿಲ್ಲಬೇಕಂದ್ರೆ 'ಆಪಂಡಿ' ಅಂತ ತೆಲುಗಲ್ಲಿ ಕೂಗಬೇಕು. ಅದೂ ಹೊಟ್ಟೆಯಿಂದ."

ಕೂಗಿ ತೋರಿಸಿದಳು. ಪಕ್ಕದ ಕೋಣೆಯ ಮೂರನೇ ತರಗತಿ ಪಾಠ ನಿಲ್ಲಿಸಿ ಬಾಗಿಲಿಗೆ ಬಂತು.

ಮದುಮಗನಾಗಲು ಯಾವ ಹುಡುಗನೂ ಒಪ್ಪಲಿಲ್ಲ. ಕೊನೆಗೆ ಎಲ್ಲರೂ ಸೇರಿ ಕದಿರೇಶನನ್ನು ಮುಂದಕ್ಕೆ ತಳ್ಳಿದರು. "ನೀನೇ ಆಗ್ಲಾ, ನಿಂಗೊಬ್ಬನ್ಗೇ ಮೀಸೆ ಬರ್ತಾ ಇರೋದು." ಅವನ ಮನೆ ಊರಾಚೆಯ ಕಾಲೋನಿಯಲ್ಲಿದೆ, ಮದುಮಗಳಾದ ಗಂಗಾಳ ಮನೆ ಊರೊಳಗೆ. ಇದನ್ನು ನಾನು ಕೇಳಲಿಲ್ಲ. ಕೇಳಬಾರದೆಂಬ ತತ್ವದಿಂದಲೋ, ಎಂದೂ ಕೇಳಬೇಕಾಗಿ ಬಾರದ ಬದುಕು ನನ್ನದಾದ್ದರಿಂದಲೋ, ಈಗ ನನಗೇ ಖಚಿತವಿಲ್ಲ.

ಗಂಗಾಳನ್ನು ಮಾತ್ರ ಯಾರೂ ತಳ್ಳಲಿಲ್ಲ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ, ಮನೆಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ಬರುವುದರಿಂದ ಬೆಳಿಗ್ಗೆ ಪ್ರಾರ್ಥನೆಗೆ ತಡವಾಗುವ ಹುಡುಗಿ, ತಾನಾಗಿ ಎದ್ದು, "ನಾನಾಗ್ತೀನಿ ಮಿಸ್" ಎಂದಳು. ಅವಳ ಮಾತು ಒಂದೇ: "ನಾನು ಓದ್ಬೇಕು, ನಂಗೀ ಮದ್ವೆ ಬೇಡ." ಪ್ರತಿ ಸಲವೂ ಆ ಮಾತು ಹೇಳುವಾಗ ಅವಳ ದನಿ ನಡುಗುತ್ತಿತ್ತು. ಎಷ್ಟು ಚೆನ್ನಾಗಿ ಅಭಿನಯಿಸುತ್ತಾಳೆ ಎಂದು ನಾನು ಮೆಚ್ಚಿಕೊಂಡೆ. ಗಡಿಯಾಚೆಯ ಊರಿನಲ್ಲಿರುವ ಸೋದರಮಾವನಿಗೆ ಅವಳನ್ನು ಕೊಡುವ ಮಾತು ಮನೆಯಲ್ಲಿ ಆಗಲೇ ಎದ್ದಿತ್ತು, ಅಜ್ಜಿ ಬೈರಮ್ಮ ಒಬ್ಬರೇ ಅಡ್ಡ ನಿಂತು, ಹತ್ತನೇ ಕ್ಲಾಸು ಮುಗಿಯಲಿ ಎಂದು ಹಟ ಹಿಡಿದಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಆ ಹುಡುಗಿ ಪಾತ್ರ ಕೇಳಿರಲಿಲ್ಲ, ಅಹವಾಲು ಹೇಳಿಕೊಂಡಿದ್ದಳು. ಹನ್ನೆರಡು ವರ್ಷದ ಮಗುವಿನ ಅಹವಾಲಿಗೆ ನಾನು ಬೆನ್ನು ತಟ್ಟಿ, "ಇನ್ನೂ ಸ್ವಲ್ಪ ಜೋರಾಗಿ ಹೇಳು" ಎಂದಿದ್ದೆ.

ದಾರಕ್ಕೆ ರಟ್ಟಿನ ತಾಳಿ ಕಟ್ಟೋಣ ಎಂದುಕೊಂಡಿದ್ದೆ. ಹಿಂದಿನ ದಿನ ಬೈರಮ್ಮ ಸೆರಗಿನಲ್ಲಿ ಒಂದು ಅರಿಶಿನ ಕೊಂಬು ಕಟ್ಟಿಕೊಂಡು ಶಾಲೆಗೆ ಬಂದರು.

"ರಟ್ಟು ಗಿಟ್ಟು ಕಟ್ಟಬೇಡಮ್ಮ ಟೀಚರಮ್ಮ. ಆಟಕ್ಕಾದ್ರೂ ಹೆಣ್ಣುಮಗೀನ ಕೊರಳ ಹತ್ರ ಅಂಥದ್ದು ಹಿಡೀಬಾರ್ದು. ವದ್ದು, ಬೇಡ. ಇದಿರ್ಲಿ, ಒಳ್ಳೇದಾಗ್ಲಿ."

"ಕಟ್ಟೋದೇ ಇಲ್ಲ ಅಜ್ಜಿ, ಕಟ್ಟೋ ಮೊದಲೇ ಆಫೀಸರ್ ಬಂದು ನಿಲ್ಲಿಸ್ತಾರೆ" ಎಂದೆ.

"ಬರ್ತಾರಾ?" ಎಂದರು ಬೈರಮ್ಮ. ಬೊಚ್ಚು ಬಾಯಿ ತುಂಬ ನಕ್ಕರು. "ನಿಮ್ ನಾಟಕದಾಗಾದ್ರೂ ಬರ್ಲಿ ಬಿಡು."

ಮಾನ್ಯರೇ, ಬಂದದ್ದು ನೀವು.

ಬೆಳಿಗ್ಗೆ ಬರಬೇಕಾಗಿದ್ದ ನಿಮಗಾಗಿ ಮಧ್ಯಾಹ್ನದ ಊಟದವರೆಗೆ ಕಾದೆವು. ಮಕ್ಕಳು ಬಿಸಿಲಲ್ಲಿ ಬಣ್ಣ ಹಚ್ಚಿಕೊಂಡು ಕೂತಿದ್ದರು. ಇನ್ನು ನೀವು ಬರುವುದಿಲ್ಲ ಎಂದುಕೊಂಡು ಚನ್ನರಾಯಪ್ಪನವರು ನಾಟಕ ಶುರು ಮಾಡಿಸಿದರು. ಎಲ್ಲ ಸರಿಯಾಗಿಯೇ ನಡೆಯಿತು. ಪುರೋಹಿತನಾಗಿದ್ದ ಹುಡುಗ "ಗಟ್ಟಿಮೇಳ, ಗಟ್ಟಿಮೇಳ" ಎಂದ. ಮಕ್ಕಳು ಊಟದ ತಟ್ಟೆ ಬಡಿಯತೊಡಗಿದರು. ಅಣ್ಣನ ಅಂಗಿ ತೊಟ್ಟು, ಕಂಕುಳಲ್ಲಿ ಫೈಲು ಇಟ್ಟುಕೊಂಡು, ಜನರ ಹಿಂದೆ ನಿಂತಿದ್ದ ಅನಿತ ಹೆಜ್ಜೆ ಎತ್ತಿದಳು. ಸರಿಯಾಗಿ ಆಗ ನಿಮ್ಮ ಜೀಪು ಗೇಟಿಗೆ ಬಂತು.

ನಿಮ್ಮನ್ನು ಎದುರುಗೊಳ್ಳಲು ವಾಲಗದವರನ್ನು ಕರೆಸಿದ್ದರು. ಈ ಸೀಮೆಯ ಮದುವೆಗಳಿಗೆಲ್ಲ ಊದುವವರೇ ಅವರು. ಅವರು ಡೋಲು ಬಾರಿಸಿ ಊದಲು ಶುರುಮಾಡಿದರು. ಚನ್ನರಾಯಪ್ಪನವರು ಮೈಕು ಕಿತ್ತುಕೊಂಡು, ಮಾನ್ಯರು ಆಗಮಿಸಿದ್ದಾರೆ, ಎಲ್ಲರೂ ಎದ್ದು ನಿಲ್ಲಬೇಕು ಎಂದರು. ಜನರ ನಡುವೆ ಇದ್ದದ್ದು ಒಂದೇ ದಾರಿ. ಅದರಲ್ಲಿ ಬರುತ್ತಿದ್ದ ಅನಿತಳ ರಟ್ಟೆ ಹಿಡಿದು ಯಾರೋ ಪಕ್ಕಕ್ಕೆ ಎಳೆದರು. "ಏಯ್, ಸಾಹೇಬ್ರು ಬರ್ತಾವ್ರೆ, ಸರ್ಕೋ ಅತ್ಲಾಗೆ." ಅವಳು ಆಪಂಡಿ ಎಂದು ಕೂಗಿದಳಂತೆ. ಹೊಟ್ಟೆಯಿಂದಲೇ ಕೂಗಿದಳಂತೆ. ನಿಮಗೆ ಹಾರ ಹಾಕುತ್ತಿದ್ದರು. ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಗಂಗಾ ತನ್ನ ಒಂದೇ ಮಾತನ್ನು ಹೇಳಿದ್ದೂ ಕೇಳಿಸಲಿಲ್ಲ. ತುಟಿ ಆಡಿದ್ದನ್ನು ನಾನು ತೆರೆಯ ಪಕ್ಕದಿಂದ ಕಂಡೆ.

ತಟ್ಟೆಯ ಸದ್ದು ನಿಂತು ನಿಜವಾದ ವಾಲಗ ಎದ್ದಾಗ ಕದಿರೇಶ ಒಮ್ಮೆ ದಾರಿಯತ್ತ ನೋಡಿದ. ಅಧಿಕಾರಿ ಬರಲಿಲ್ಲ. ಅವನು ಬಗ್ಗಿ ಗಂಗಾಳ ಕೊರಳಿಗೆ ಬೈರಮ್ಮನ ಕೊಂಬು ಪೋಣಿಸಿದ್ದ ದಾರ ಕಟ್ಟಿದ. ಮದುವೆಗಳಲ್ಲಿ ಕಂಡಿದ್ದಂತೆ ಮೂರು ಗಂಟು ಹಾಕಿದ. ಊರೆಲ್ಲ ಎದ್ದು ನಿಂತಿತ್ತು. ನಿಮಗಾಗಿ ಎದ್ದದ್ದು, ನಿಜ. ಆದರೆ ನೋಡಿದ್ದು ಇದನ್ನು. ಹಾರದ ನಡುವಿನಿಂದ ನೀವೂ ವೇದಿಕೆಯತ್ತ ನೋಡಿ ಚಪ್ಪಾಳೆ ತಟ್ಟಿದಿರಿ.

ಆಮೇಲೆ ನಾನು ಕದಿರೇಶನನ್ನು ಕೇಳಿದೆ, ಯಾಕೆ ಕಟ್ಟಿದೆ ಎಂದು. ಅವನು ಅಳುತ್ತಿರಲಿಲ್ಲ. ನನಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬಂತೆ ನೋಡಿದ. "ವಾಲಗ ಊದ್ತಿರುವಾಗ ದಾರ ಕೈಯಾಗಿಟ್ಕೊಂಡು ಸುಮ್ನೆ ನಿಂತ್ಕೋಬಾರ್ದಲ್ವಾ ಮಿಸ್? ಅರ್ಧಕ್ಕೆ ಬಿಟ್ರೆ ಹುಡುಗೀಗೆ ಕೇಡು ಅಂತಾರೆ. ಅವ್ಳಿಗೆ ಕೇಡಾಗ್ಬಾರ್ದು ಅಂತ ಕಟ್ಟಿದೆ."

ಅಂದು ಸಂಜೆಯೇ ಊರಿನ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ಆಟ ಎಂದು ಯಾರೂ ಅನ್ನಲಿಲ್ಲ. ಅರಿಶಿನದ ಕೊಂಬು, ವಾಲಗ, ನಿಂತು ನೋಡಿದ ಊರು, ಎಲ್ಲವೂ ನಿಜವಾದದ್ದೇ. ಕಟ್ಟಿದವನು ಕಾಲೋನಿಯ ಹುಡುಗ. ಕದಿರೇಶನ ಅಪ್ಪ ಸೊಣ್ಣಪ್ಪ ಮಗನನ್ನು ಎಳೆದು ತಂದು ಎಲ್ಲರ ಮುಂದೆ ಬೆಲ್ಟಿನಿಂದ ಹೊಡೆದ. ತಡೆಯಲು ಹೋದ ನನ್ನನ್ನು ತಳ್ಳಿ, "ನಾನ್ ಹೊಡೆದ್ರೆ ಬದುಕ್ತಾನೆ ಮೇಡಂ, ನೀವು ಸುಮ್ನಿರಿ" ಎಂದ. ನಾನು ಹಿಂದೆ ಸರಿದೆ. ಅವನ ಲೆಕ್ಕ ತಪ್ಪು ಎಂದು ಹೇಳುವ ಧೈರ್ಯ ಇವತ್ತಿಗೂ ನನಗಿಲ್ಲ. ಕದಿರೇಶ ಈಗ ಶಾಲೆಗೆ ಬರುತ್ತಿಲ್ಲ. ವಕ್ಕಲೇರಿಯ ಕಡೆ ನೆಂಟರ ಮನೆಯಲ್ಲಿ ಬಿಟ್ಟಿದ್ದಾರೆ.

ಗಂಗಾಳ ದಾರವನ್ನು ಹಾಲಿನಲ್ಲಿ ಅದ್ದಿ ಕೆರೆಗೆ ಬಿಟ್ಟರು. ಬಿದ್ದ ಗಂಟಿನ ದೋಷ ಹೋಗಬೇಕಾದರೆ ತಡಮಾಡದೆ ಸೋದರಮಾವನಿಂದ ಇನ್ನೊಂದು ಗಂಟು ಹಾಕಿಸಬೇಕೆಂದು ದೊಡ್ಡವರು ತೀರ್ಮಾನಿಸಿದರು. ಬೈರಮ್ಮ ಈಗ ಅಡ್ಡ ನಿಲ್ಲುವುದಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವರು ನನ್ನ ಮುಖ ನೋಡದೆ ಹೇಳಿದರು: "ಕೊಂಬು ಕೊಟ್ಟೋಳು ನಾನೇ ಅಲ್ವಾ ಟೀಚರಮ್ಮ. ನೀನಂದಂಗೆ ರಟ್ಟು ಕಟ್ಟಿದ್ದಿದ್ರೆ ಆಟ ಅಂದ್ಬಿಡ್ತಿದ್ರು. ಈಗ ನಾನ್ ಯಾವ್ ಬಾಯಾಗೆ ಬೇಡ ಅನ್ಲಿ?"

ಇಷ್ಟೆಲ್ಲ ಹೇಳಲು ನಿಮ್ಮ ಕಚೇರಿಗೆ ಬಂದಾಗ ನೀವು ಆಡಿದ ಮಾತನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ. ಆದರೂ ಬರೆಯುತ್ತೇನೆ. "ನಾಟಕಕ್ಕೆ ಬೇರೆ ವಿಷಯ ಸಿಗ್ಲಿಲ್ವೇನಮ್ಮ? ಗಿಡ ನೆಡೋದು, ಕೈ ತೊಳೆಯೋದು, ಎಷ್ಟಿಲ್ಲ?" ಎಂದಿರಿ. ಸುತ್ತೋಲೆ ನಿಮ್ಮದೇ ಎಂದೆ. "ಜಾಗೃತಿ ಮೂಡ್ಸಿ ಅಂದ್ರೆ ಮದ್ವೆ ಮಾಡ್ಸಿ ಅಂತಲ್ಲ" ಎಂದಿರಿ. ಹುಡುಗಿಯನ್ನು ಆಗಲೇ ಮಾವನ ಊರಿಗೆ ಕಳಿಸಿದ್ದಾರೆ, ಏನಾದರೂ ಮಾಡಿ ಎಂದೆ. "ಅದು ಆಂಧ್ರ ಕಣ್ರೀ, ನನ್ನ ವ್ಯಾಪ್ತಿ ಅಲ್ಲ" ಎಂದಿರಿ.

ನಿಮ್ಮ ವ್ಯಾಪ್ತಿಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಹುಡುಗಿಯ ಹೆಸರು ನಿಮ್ಮ ಶಾಲೆಯ ಹಾಜರಿಯಲ್ಲಿ ಇರುವವರೆಗೆ ಅವಳು ನಿಮ್ಮ ವಿದ್ಯಾರ್ಥಿನಿಯಲ್ಲವೇ? ಬಾಲ್ಯವಿವಾಹ ಅಪರಾಧವೆನ್ನುವ ಕಾನೂನು ಹೆದ್ದಾರಿಯ ಚೆಕ್‌ಪೋಸ್ಟಿನಲ್ಲಿ ಬಸ್ಸಿನಿಂದ ಇಳಿದುಬಿಡುತ್ತದೆಯೇ? ನಮ್ಮ ಟೊಮ್ಯಾಟೊ, ನಮ್ಮ ಹೆಣ್ಣುಮಕ್ಕಳು, ನಮ್ಮ ಭಾಷೆ ಎಲ್ಲವೂ ದಿನವೂ ದಾಟುವ ಆ ಗಡಿಯನ್ನು ಒಂದು ಸರ್ಕಾರಿ ಪತ್ರ ಮಾತ್ರ ಏಕೆ ದಾಟಲಾರದು? ನೋಟಿಸಿನಲ್ಲಿ 'ಸಾರ್ವಜನಿಕರ ಭಾವನೆಗೆ ಧಕ್ಕೆ' ಎಂದಿದೆ. ಗಂಗಾ ಸಾರ್ವಜನಿಕರಲ್ಲಿ ಸೇರುತ್ತಾಳೆಯೇ, ತಿಳಿಸಿ.

ತಪ್ಪೆಲ್ಲ ನಿಮ್ಮದೆಂದು ಹೇಳಿದರೆ ನನಗೆ ಹಗುರವಾಗುತ್ತದೆ. ಆದರೆ ಅದು ನಿಜವಲ್ಲ. ತೆರೆಯ ಹಗ್ಗ ನನ್ನ ಕೈಯಲ್ಲಿತ್ತು. ಕದಿರೇಶ ಬಗ್ಗಿದಾಗ ಒಮ್ಮೆ ಎಳೆದಿದ್ದರೆ ಸಾಕಿತ್ತು. ಸಾಹೇಬರು ಬರುವಾಗ ತೆರೆ ಎಳೆದರೆ ಅವಮರ್ಯಾದೆ ಎಂದು ನನಗನ್ನಿಸಿತು. ಇಷ್ಟು ಓದಿದವಳು, ಇಷ್ಟು ಪ್ರಶ್ನೆ ಕೇಳುವವಳು, ನಾನೂ ಎಲ್ಲರಂತೆ ನಿಮಗಾಗಿ ಎದ್ದು ನಿಂತಿದ್ದೆ. ನಾಟಕ ಮಾಡಿಸಲೇಬಾರದಿತ್ತೇ? ರಾತ್ರಿ ಹೌದೆನ್ನಿಸುತ್ತದೆ. ಬೆಳಗಾದಾಗ, ಗಂಗಾ ತಾನಾಗಿ ಎದ್ದು ನಿಂತದ್ದು ನೆನಪಾಗುತ್ತದೆ. ಆ ಮಾತು ಹೇಳಿಕೊಳ್ಳಲು ಈ ತಾಲ್ಲೂಕಿನಲ್ಲಿ ಅವಳಿಗೆ ಬೇರೆ ಯಾವ ಜಾಗವಿತ್ತು?

ಅವಳು ಒಮ್ಮೆ ಮಾವನ ಮೊಬೈಲಿನಿಂದ ಕದ್ದು ಅನಿತಳಿಗೆ ಫೋನು ಮಾಡಿದ್ದಳಂತೆ. ಅಳಲಿಲ್ಲವಂತೆ, ಬಿಡಿಸಿ ಎಂದೂ ಕೇಳಲಿಲ್ಲವಂತೆ. "ಅವತ್ತು ನೀನ್ಯಾಕೇ ಬರ್ಲಿಲ್ಲ?" ಎಂದಷ್ಟೇ ಕೇಳಿದಳಂತೆ. "ದಾರಿ ಬಿಡ್ಲಿಲ್ಲ ಕಣೇ ಅಂದೆ ಮಿಸ್" ಎಂದು ಹೇಳಿ ಅನಿತ ನನ್ನ ಮುಂದೆ ಅತ್ತಳು.

ಗಂಗಾಳ ವರ್ಗಾವಣೆ ಪತ್ರಕ್ಕೆ ಮನೆಯವರು ಅರ್ಜಿ ಕೊಟ್ಟಿದ್ದಾರೆ. ನಿವೃತ್ತಿ ಹತ್ತಿರವಿರುವ ಚನ್ನರಾಯಪ್ಪನವರು, ಹೆದರುವವರೇ ಆದರೂ, ಅದಕ್ಕೆ ಸಹಿ ಹಾಕದೆ ಇಟ್ಟುಕೊಂಡಿದ್ದಾರೆ. "ಮೇಲಿಂದ ಫೋನ್ ಬಂದ್ರೆ ಕೊಡ್ಲೇಬೇಕಾಗುತ್ತಮ್ಮ" ಎನ್ನುತ್ತಾರೆ. ಆ ಫೋನು ಮಾಡಬೇಡಿ. ಅವಳ ಹೆಸರು ನಿಮ್ಮ ಶಾಲೆಯಲ್ಲಿ ಉಳಿಯಲಿ. ಈ ಮಗು ನಮ್ಮದು, ಇವಳಿಗೆ ಮದುವೆಯ ವಯಸ್ಸಾಗಿಲ್ಲ ಎಂದು ಇಲ್ಲಿನ ಪೊಲೀಸರಿಗೂ ಗಡಿಯಾಚೆಯ ಅಧಿಕಾರಿಗಳಿಗೂ ಇವತ್ತೇ ಬರೆಯಿರಿ. ಬರೆದು ಸುಮ್ಮನಾಗದೆ, ನೀವೇ ಹೊರಡಿ. ಕದಿರೇಶ ಹೆದರದೆ ಶಾಲೆಗೆ ಮರಳುವಂತೆ ಮಾಡಿ. ಇಷ್ಟಾದರೆ ನಿಮ್ಮ ನೋಟಿಸನ್ನು ಹಿಂತೆಗೆದುಕೊಳ್ಳಬೇಕಿಲ್ಲ, ಅದಕ್ಕೆ ನಾನು ಉತ್ತರ ಕೊಡುತ್ತೇನೆ.

ಆ ಊರಿನಲ್ಲಿ ನಿಮಗೆ ಹಾರ ಹಾಕುವವರು ಯಾರೂ ಇರುವುದಿಲ್ಲ, ಯಾರೂ ಎದ್ದು ನಿಲ್ಲುವುದಿಲ್ಲ. ವಾಲಗ ಇದ್ದರೆ ಅದು ನಿಮಗಾಗಿ ಅಲ್ಲ. ಅದು ಶುರುವಾಗುವ ಮೊದಲು ಬನ್ನಿ.

ಇಂತಿ,
ಹಗ್ಗ ಕೈಯಲ್ಲಿದ್ದೂ ತೆರೆ ಎಳೆಯದೆ ನಿಂತವಳು,
ಈಗ ಯಾವ ಶಾಲೆಗೂ ಅತಿಥಿಯಲ್ಲದ ಒಬ್ಬ ಶಿಕ್ಷಕಿ