ಒಂದು ಸಾಮಾನು ಬಿಟ್ಟು

ಮಾರ್ಚ್ 3, ಬೆಳಗ್ಗೆ 10

ರೆಸಿಪಿ ಚೀಟಿ ಎಣಿಸಿ ಮುಗಿಯಿತು — ನೂರ ಎಂಬತ್ತಾರು. ಬಿಲ್ಲಿನ ಬೆನ್ನ ಮೇಲೆ, ಕ್ಯಾಲೆಂಡರಿನ ಹಾಳೆ ಮೇಲೆ, ಒಂದಂತೂ ಮಾತ್ರೆ ಡಬ್ಬಿಯ ರಟ್ಟಿನ ಮೇಲೆ ಬರೆದದ್ದು. ಸೂಪು ಒಂದು ಕಡೆ, ಬ್ರೆಡ್ಡು ಬನ್ನು ಒಂದು ಕಡೆ, ಉಪ್ಪಿನಕಾಯಿ ಒಂದು ಕಡೆ. ಊಟದ ಟೇಬಲ್ ಪೂರ್ತಿ ನನ್ನದು. ನಮ್ಮವರು ತಟ್ಟೆ ತೊಡೆ ಮೇಲಿಟ್ಟುಕೊಂಡು ತಿಂಡಿ ತಿಂದರು.

ಫೈಲು ಮಗಳು ತಂದದ್ದು. ಪ್ಲಾಸ್ಟಿಕ್ ಹಾಳೆಯದು. "ಎಲ್ಲ ರೆಸಿಪಿನೂ ಇದಕ್ಕೆ ಹಾಕಮ್ಮ. ಪೂರ್ತಿ ಬರೆದು ಹಾಕು." ಪೂರ್ತಿ ಅನ್ನೋದನ್ನ ಎರಡು ಸಲ ಹೇಳಿದಳು.

ಪೂರ್ತಿ ಇಲ್ಲ, ಅದೇ ತಾಪತ್ರಯ. ಒಂದೊಂದು ಚೀಟಿಯಲ್ಲೂ ಒಂದು ಸಾಮಾನು ಬಿಟ್ಟಿದ್ದೇನೆ. ಬೇಕಂತಲೇ. ಪಾತ್ರೆ ತಿಕ್ಕೋ ಕೆಲಸದಿಂದ ಕ್ಯಾಂಟೀನಿನ ಒಡತಿ ಆದವಳು ನಾನು. ನನ್ನ ಮೊದಲ ರೆಸಿಪಿಯನ್ನ ಹೆಡ್ ಕುಕ್ ತನ್ನದು ಅಂತ ಹೇಳಿ ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡ. ಆವತ್ತಿಂದ ಈ ಪದ್ಧತಿ. ಕದ್ದವನಿಗೆ ಸೂಪು ಸಿಗಲಿ, ನನ್ನ ಸೂಪು ಸಿಗಬಾರದು. ಬಿಟ್ಟದ್ದು ನನ್ನ ಕೈಯಲ್ಲಿತ್ತು, ಮೂಗಿನಲ್ಲಿತ್ತು.

ಮೂಗು ಹೋಗಿ ಎಂಟು ತಿಂಗಳು. ಜ್ವರ ಹೋಗುವಾಗ ವಾಸನೆ, ರುಚಿ ಎರಡನ್ನೂ ಹೊತ್ತುಕೊಂಡು ಹೋಯಿತು. ಡಾಕ್ಟರು "ಬರಬಹುದು" ಅಂತಾರೆ. ನೆಂಟರ ಬಗ್ಗೆ ಹೇಳೋ ಹಾಗೆ.

ಮಾರ್ಚ್ 6

ನೂರೈವತ್ತು ಚೀಟಿಗೆ ಬಿಟ್ಟದ್ದು ನೆನಪಿಂದಲೇ ಬಂತು. ಸದ್ಯಕ್ಕೆ ಬೇರೆ ಹಾಳೆಯಲ್ಲಿ ಪಟ್ಟಿ ಮಾಡಿದ್ದೇನೆ. ಮೂವತ್ತಾರು ಉಳಿದಿವೆ. ಬನ್ನಿಗೆ ಏನು ಬಿಟ್ಟೆ? ಟೊಮೇಟೊ ಸೂಪಿಗೆ?

ಸೂಪು ಮೂರು ಥರ ಮಾಡಿ ನಮ್ಮವರ ಮುಂದಿಟ್ಟೆ.

"ಯಾವುದು ಹಳೇದರ ಥರ ಇದೆ?"

"ಮೂರೂ ಚೆನ್ನಾಗಿದೆ."

"ಒಂದಕ್ಕೆ ಉಪ್ಪೇ ಹಾಕಿಲ್ಲ."

"ಅದೇ ಕಣೇ ಚೆನ್ನಾಗಿರೋದು. ಬಿ.ಪಿ.ಗೆ ಒಳ್ಳೇದು."

ಮೂವತ್ತೆಂಟು ವರ್ಷ ಈ ಮನುಷ್ಯನ ಸರ್ಟಿಫಿಕೇಟ್ ನಂಬಿಕೊಂಡು ಅಡುಗೆ ಮಾಡಿದೆ.

ಮಾರ್ಚ್ 9, ಮಧ್ಯಾಹ್ನ

ಮಗಳು ಬಂದು ಹೋದಳು. ಕೂರಲಿಲ್ಲ. ಒಂದು ನೋಟ್‌ಬುಕ್ ಟೇಬಲ್ ಮೇಲಿಟ್ಟಳು — ಹನ್ನೊಂದು ವರ್ಷದ ಹಿಂದೆ, ಅವಳ ಮದುವೆಯಲ್ಲಿ, ನಾನೇ ಎಲ್ಲ ಚೀಟಿ ನಕಲು ಮಾಡಿ ಕೊಟ್ಟದ್ದು.

"ಇದನ್ನೂ ಸೇರಿಸ್ಕೋ. ನನಗಿನ್ನು ಬೇಡ."

"ಯಾಕೆ, ಅಡುಗೆ ಬಿಟ್ಟುಬಿಟ್ಯಾ?"

"ನನ್ನ ಕೈ ಸರಿಯಿಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲಮ್ಮ, ಎಲ್ಲರ ಮುಂದೆ." ನಕ್ಕಳು. ಹೋದಳು.

ಹೇಳ್ತಿದ್ದೆ, ಹೌದು. ತಮಾಷೆಗೆ.

ಅದೇ ದಿನ, ಸಂಜೆ 5

ನೋಟ್‌ಬುಕ್ ತೆರೆದೆ. ಅಂಚಿನಲ್ಲೆಲ್ಲ ಪೆನ್ಸಿಲ್, ತಾರೀಖು ಸಮೇತ — ಆ ಬುದ್ಧಿ ಮಾತ್ರ ನನ್ನದೇ. "ಸೂಪು, ಎರಡನೇ ಸಲ. ಅಮ್ಮನ ಥರ ಬರಲಿಲ್ಲ." "ನಾಲ್ಕನೇ ಸಲ. ಮಾವ ಬಟ್ಟಲು ಅರ್ಧಕ್ಕೇ ಸರಿಸಿದರು." "ಬನ್ನು. ಕಲ್ಲು. ಅತ್ತೆ ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿ." ಐದು ವರ್ಷದ ಪೆನ್ಸಿಲ್ಲು. ಆಮೇಲೆ ಖಾಲಿ. ಬೇಸತ್ತು ಕೈಬಿಟ್ಟಿರಬೇಕು.

ಅವಳ ಪುಸ್ತಕದಲ್ಲೂ ಬಿಟ್ಟಿದ್ದೇನೆ. ಒಂದೊಂದರಲ್ಲೂ.

ಅಭ್ಯಾಸಬಲ ಅಂತ ಬರೆಯೋಕೆ ಹೊರಟೆ... ಸುಳ್ಳು. ವಾರ ಪೂರ್ತಿ ಕೂತು ನಕಲು ಮಾಡಿದ್ದು. ಪ್ರತಿ ಸಲ ಆ ಜಾಗ ಬಂದಾಗ ಪೆನ್ನು ನಿಂತದ್ದು ನೆನಪಿದೆ. ಗಂಡನ ಮನೆಯಲ್ಲೇ ಚೆನ್ನಾಗಿ ಬಂದುಬಿಟ್ಟರೆ ಇಲ್ಲಿಗೆ ಯಾಕೆ ಬರ್ತಾಳೆ ಅಂದುಕೊಂಡಿದ್ದೆ. ಫೋನ್ ಮಾಡ್ತಾಳೆ, ಕೇಳ್ತಾಳೆ, ಆಗ ಹೇಳಿದರಾಯ್ತು.

ಮಾಡಿದಳು ಕೂಡ. "ಅದೆಲ್ಲ ಕೈಗುಣ ಕಣೇ" ಅಂದೆ.

ಮಾರ್ಚ್ 10

ಬರೆಯೋಕೇನಿಲ್ಲ.

ಮಾರ್ಚ್ 15

ಕೊನೆಗೆ ಓರಗಿತ್ತಿ ಮನೆಗೆ ಹೋದೆ. ಒಂಬತ್ತು ವರ್ಷ ನನ್ನ ಪಕ್ಕದ ಒಲೆಗೆ ನಿಂತವಳು. ರೆಸಿಪಿ ಕದ್ದಳು ಅಂತ ನಾನೇ ಕ್ಯಾಂಟೀನಿಂದ ಹೊರಗೆ ಹಾಕಿದವಳು. ಕೈಚೀಲದಲ್ಲಿ ಮೂವತ್ತಾರು ಚೀಟಿ.

"ಬನ್ನಿ ಅಕ್ಕ. ದಾರಿ ತಪ್ಪಿತಾ?" ಅಂದಳು. ಕುರ್ಚಿ ಒರೆಸಿ ಕೊಟ್ಟಳು. ಬಟಾಣಿ ಸುಲಿಯುತ್ತಲೇ ಹೇಳುತ್ತಾ ಹೋದಳು. "ಸೂಪಿಗೆ ಸುಟ್ಟ ಸಕ್ಕರೆ, ಅರ್ಧ ಚಮಚ. ಬನ್ನಿಗೆ ಆಲೂಗಡ್ಡೆ ಬೇಯಿಸಿದ ನೀರು..." ಒಂದು ಸಲವೂ ತಡವರಿಸಲಿಲ್ಲ. ಕಳ್ಳಿ ಆಗಿದ್ದರೆ ಇಷ್ಟು ಸಲೀಸಾಗಿ ಕೊಡ್ತಿರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಮೂವತ್ತಾರರಲ್ಲೂ ಏನಾದರೂ ಬಿಡ್ತಿದ್ದೆ.

ಹೊರಡುವಾಗ ಅಂದಳು: "ನಿಮ್ಮ ಮಗಳಿಗೂ ಇದೆಲ್ಲ ಹೇಳಿದ್ದೆ ಅಕ್ಕ. ಆರು ವರ್ಷ ಆಯ್ತು. ಇದೇ ಕುರ್ಚಿ. ನೀವು ಕೊಟ್ಟ ನೋಟ್‌ಬುಕ್ ತಂದಿದ್ದಳು."

"ಏನಂದಳು?"

"ಒಂದೊಂದೇ ಪುಟ ತಿರುವಿದಳು. ಎಷ್ಟು ಬಿಟ್ಟಿದ್ದೀರಿ ಅಂತ ಎಣಿಸಿದಳು."

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಪೆನ್ಸಿಲ್ ನಿಂತೂ ಆರು ವರ್ಷ. ಅಡುಗೆ ಬಿಟ್ಟದ್ದಲ್ಲ, ನನ್ನನ್ನ ಕೇಳೋದು ಬಿಟ್ಟದ್ದು. ಎಲ್ಲ ಗೊತ್ತಿದ್ದೂ ಇಲ್ಲಿ ಬಂದು ಉಂಡು, ಹೊಗಳಿ, ಡಬ್ಬಿ ತುಂಬಿಸಿಕೊಂಡು ಹೋಗ್ತಿದ್ದಳು. ಈಗ ಫೈಲು ತಂದುಕೊಟ್ಟಿದ್ದಾಳೆ. ಪೂರ್ತಿ ಬರಿ ಅಂತ.

ಮಾರ್ಚ್ 17

ತಿದ್ದುಪಡಿ ಏನಿದ್ದರೂ ಕೆಂಪು ಪೆನ್ನಲ್ಲಿ — ಕ್ಯಾಂಟೀನಿನಲ್ಲಿ ನಾನೇ ಮಾಡಿದ ರೂಲು. ಕೆಂಪು ಪೆನ್ನು ತೆಗೆದೆ. ಕೆಂಪಲ್ಲಿ ಬರೆದರೆ ಒಪ್ಪಿಕೊಂಡ ಹಾಗೆ. ಒಂದು ಕಾಫಿ ಆರಿ ತಣ್ಣಗಾಗೋವರೆಗೂ ಹಿಡಿದುಕೊಂಡು ಕೂತೆ.

ಮುಚ್ಚಳ ಹಾಕಿ ಇಟ್ಟೆ. ಹಳೇ ನೀಲಿ ಪೆನ್ನು ಹುಡುಕಿ, ಗೀಚಿ ಗೀಚಿ ಇಂಕು ಬರಿಸಿ, ನೂರ ಎಂಬತ್ತಾರು ಚೀಟಿಗೂ ಬಿಟ್ಟ ಸಾಮಾನನ್ನ ಹಳೇ ಅಕ್ಷರದ ಅಳತೆಗೇ ಕೂರಿಸಿ ಫೈಲಿಗೆ ಹಾಕಿದೆ. ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕಾಣ್ತದೆ. ಇದೂ ಒಂದು ಕೈಗುಣ.

ಮಾರ್ಚ್ 18, ಬೆಳಗ್ಗೆ 11

ಮಗಳು ಈಗಷ್ಟೇ ಹೋದಳು. ಫೈಲು ಟೇಬಲ್ ಮೇಲೇ ಇದೆ, ಒಯ್ಯಲಿಲ್ಲ. ಅವಳ ನೋಟ್‌ಬುಕ್ ಮಾತ್ರ ವಾಪಸ್ ತಗೊಂಡು ಹೋದಳು.

ಇವತ್ತು ಕೂತಿದ್ದಳು. ಫೈಲು ತೆರೆದು ನೇರ ಸೂಪಿಗೆ ಹೋದಳು. ಪ್ಲಾಸ್ಟಿಕ್ಕಿನ ಮೇಲೆ ಬೆರಳು ಓಡಿಸಿದಳು. ಸುಟ್ಟ ಸಕ್ಕರೆಯ ಹತ್ತಿರ ಬೆರಳು ನಿಂತಿತು. ಪಕ್ಕದಲ್ಲಿ ನೋಟ್‌ಬುಕ್, ಅದೇ ಪುಟ ತೆರೆದಿಟ್ಟಳು.

"ಅಮ್ಮ, ಇದು ಮೊದಲಿಂದಲೂ ಇತ್ತಾ?"

ಬೈಯೋ ದನಿಯಲ್ಲ. ಬಾಗಿಲು ತೆರೆದಿಟ್ಟುಕೊಂಡು ನಿಂತವರ ದನಿ. ಇಪ್ಪತ್ತಾರು ವರ್ಷ ಸಪ್ಲೈಯರು, ಇನ್‌ಸ್ಪೆಕ್ಟರು, ಯೂನಿಯನ್ನು — ಯಾರಿಗೂ ಮಾತಲ್ಲಿ ಸೋತವಳಲ್ಲ ನಾನು. ಬಾಯಿ ತಾನಾಗೇ ತೆರೆಯಿತು.

ನಾನು ಹೇಳಿದ್ದು — ಅದೊಂದು ಸಾಮಾನು ಇಲ್ಲೂ ಬಿಟ್ಟೆ.