ಎಪ್ಪತ್ತೊಂದು ಕಿಲೋ ತೂಗುವ ಬಾತುಮರಿ

ಮಾನ್ಯ ಪಶು ಆಸ್ಪತ್ರೆಯ ಮುಖ್ಯಾಧಿಕಾರಿಗಳೇ,

ನನ್ನ ಅತ್ತೆ ಬಾತುಕೋಳಿಯಲ್ಲ. ಈ ಮಾತನ್ನು ಸರ್ಕಾರಕ್ಕೆ ಬರೆದು ತಿಳಿಸಬೇಕಾದ ದಿನ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ತಮ್ಮ ಕಚೇರಿಯಿಂದ ಬಂದ ನೋಟೀಸಿನಲ್ಲಿ, ‘ಎಪ್ಪತ್ತೊಂದು ಕಿಲೋ ತೂಕದ, ಎರಡೂ ಕಾಲು ಸೋತ ಬಾತುಮರಿಯನ್ನು ಮರುತಪಾಸಣೆಗೆ ಹಾಜರುಪಡಿಸತಕ್ಕದ್ದು, ತಪ್ಪಿದಲ್ಲಿ ಸಿಬ್ಬಂದಿಯೇ ಬಂದು ಹಿಡಿದೊಯ್ಯುವರು’ ಎಂದಿದೆ. ಅದನ್ನು ಓದಿದ ಮೇಲೆ ಅತ್ತೆ, ಬಾಗಿಲ ಗಂಟೆ ಬಾರಿಸಿದರೆ ಸಾಕು, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ. ಹಾಲಿನವನಿಗೂ ನಾನೇ ಸಮಜಾಯಿಷಿ ಕೊಡಬೇಕಾಗಿದೆ.

ತಪ್ಪು ನಮ್ಮದೂ ಇದೆ, ಮುಚ್ಚಿಡುವುದಿಲ್ಲ. ನನ್ನ ಗಂಡ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಮೇಷ್ಟ್ರು. ಅಲ್ಲಿನ ಪಂಪ್‌ಹೌಸಿನ ಹಿಂದೆ ಮರಿ ಮಾಡಿದ್ದ ಬಾತುಕೋಳಿಯನ್ನು ನಾಯಿಗಳು ಹೊತ್ತೊಯ್ದವು. ಉಳಿದ ನಾಲ್ಕು ಮರಿಗಳನ್ನು ಇವರು ಈಜುಟೋಪಿಯಲ್ಲಿ ತುಂಬಿಕೊಂಡು ಮನೆಗೆ ತಂದರು. ಅಂಗಡಿಯವನು ಕೊಟ್ಟ ಕೋಳಿಮರಿ ಆಹಾರವನ್ನೇ ನಾನು ಹಾಕಿದೆ. ಕೊಕ್ಕು ಇದ್ದ ಮೇಲೆ ಎಲ್ಲ ಒಂದೇ ಅಂದುಕೊಂಡೆ. ಇವರೋ, ಟಬ್ಬಿಗೆ ತಣ್ಣೀರು ತುಂಬಿಸಿ, ಕೊರಳಿಗೆ ಸೀಟಿ ನೇತುಹಾಕಿಕೊಂಡು ತರಗತಿಯನ್ನೇ ಶುರುಮಾಡಿದರು.

“ಪಾಪ, ನಡುಗ್ತಿವೆ ಕಣ್ರೀ,” ಎಂದೆ.

“ಮೊದಲ ದಿನ ಎಲ್ಲರೂ ನಡುಗ್ತಾರೆ ಕಣೇ. ಇವಕ್ಕೆ ಹುಟ್ಟಿನಿಂದಲೇ ಬರುತ್ತೆ, ಇಂಥ ಶಿಷ್ಯರು ನನಗೆಲ್ಲಿ ಸಿಗಬೇಕು,” ಎಂದು ಸೀಟಿ ಊದಿದರು.

ತಾಯಿಯಿದ್ದರೆ ಮರಿಯ ಮೈಗೆ ತನ್ನ ಗರಿಯ ಜಿಡ್ಡು ತಾಗಿಸಿ ನೀರು ಇಳಿಯದಂತೆ ನೋಡಿಕೊಳ್ಳುತ್ತದಂತೆ. ನಮ್ಮ ಮನೆಯಲ್ಲಿ ಆ ವ್ಯವಸ್ಥೆ ಇರಲಿಲ್ಲ, ಸೀಟಿ ಮಾತ್ರ ಇತ್ತು. ಮರಿಗಳು ನೆನೆದು ತೊಪ್ಪೆಯಾದವು. ನಾನು ದರ್ಜಿ, ಬಟ್ಟೆಗೆ ಇಸ್ತ್ರಿ ಹಾಕಿ ಬಿಸಿ ಮಾಡಿ ಒಂದೊಂದನ್ನೇ ಸುತ್ತಿಟ್ಟೆ. ಎರಡು ಚೇತರಿಸಿಕೊಂಡವು. ಎಲ್ಲಕ್ಕಿಂತ ದೊಡ್ಡದರ ಕಾಲುಗಳು ಕೆಲವೇ ದಿನಗಳಲ್ಲಿ ಆಚೆಗೊಂದು ಈಚೆಗೊಂದು ಜಾರಿ, ಅದು ಹೊಟ್ಟೆಯ ಮೇಲೆ ಕೂತುಬಿಟ್ಟಿತು. ಎದೆಯುಬ್ಬಿಸಿಕೊಂಡು ಯಾರನ್ನೂ ನೋಡದೆ ನಡೆಯುತ್ತಿದ್ದುದರಿಂದ ಅದನ್ನು ಸಾಹೇಬ ಎನ್ನುತ್ತಿದ್ದೆವು. ತಮ್ಮನ್ನು ನೆನೆದು ಇಟ್ಟ ಹೆಸರಲ್ಲ, ಆಗಿನ್ನೂ ತಮ್ಮ ಆಸ್ಪತ್ರೆಯ ಪರಿಚಯವಾಗಿರಲಿಲ್ಲ. ಎಲ್ಲಕ್ಕಿಂತ ಚಿಕ್ಕದು ಗುಂಡಿ. ಅಂಗಿಯ ಗುಂಡಿಯ ಹಾಗೆ ದುಂಡಗಿತ್ತು. ಅದು ತಿನ್ನುವುದನ್ನೇ ಬಿಟ್ಟಿತು.

ಈ ಎರಡನ್ನೂ ನಾನು, ಅತ್ತೆ ಸೇರಿ ತಮ್ಮಲ್ಲಿಗೆ ತಂದೆವು. ಕೌಂಟರಿನ ಗುಮಾಸ್ತರು ಎತ್ತುಗಳನ್ನು ತೂಗುವ ಯಂತ್ರದ ಮೇಲೆ ಗುಂಡಿಯನ್ನಿಟ್ಟು ನೋಡಿದರು.

“ಸೊನ್ನೆ ತೋರಿಸ್ತಿದೆ ಅಮ್ಮ. ತೂಕ ಇಲ್ದೆ ಔಷಧಿ ಲೆಕ್ಕ ಹಾಕೋಕಾಗಲ್ಲ.”

“ಕಣ್ಣೆದುರಿಗೇ ಇದೆಯಲ್ಲಪ್ಪ.”

“ನನಗೆ ಕಾಣುತ್ತೆ, ಮೆಷಿನ್‌ಗೆ ಕಾಣ್ತಿಲ್ಲ. ಸ್ವಲ್ಪ ದಪ್ಪ ಮಾಡಿ ಕರ್ಕೊಂಡು ಬನ್ನಿ.”

ನಾನು ಚೀಲದಿಂದ ಅಡುಗೆಮನೆಯ ಪುಟ್ಟ ತಕ್ಕಡಿ ತೆಗೆದು ಗುಂಡಿಯನ್ನು ಅದರ ತಟ್ಟೆಯಲ್ಲಿ ಕೂರಿಸಿದೆ. ತೊಂಬತ್ತು ಗ್ರಾಂ. ಸರ್ಕಾರಿ ಮುದ್ರೆ ಇಲ್ಲದ ತಕ್ಕಡಿ ಒಪ್ಪಿತವಲ್ಲವಂತೆ. ಯಾರಾದರೂ ಮರಿಯನ್ನು ಎತ್ತಿಕೊಂಡು ನಿಂತರೆ ತೂಕ ಬರುತ್ತದೆ, ಆಮೇಲೆ ಕಳೆದರಾಯಿತು ಎಂದು ಅವರೇ ದಾರಿ ತೋರಿಸಿದರು. ಅತ್ತೆ ಸಾಹೇಬನನ್ನು ಎದೆಗವಚಿಕೊಂಡು ಹತ್ತಿದರು: ಎಪ್ಪತ್ತೊಂದು. ಸಾಹೇಬನನ್ನು ಕೆಳಗಿಳಿಸಿ ಒಬ್ಬರೇ ನಿಂತರು: ಎಪ್ಪತ್ತೊಂದು. ಕಳೆದರೆ ಮತ್ತದೇ ಸೊನ್ನೆ. ಗುಮಾಸ್ತರು ಬಹಳ ಹೊತ್ತು ಯೋಚಿಸಿ, ಸೊನ್ನೆಗಿಂತ ಇದು ವಾಸಿ ಎಂದು, ಪೂರ್ತಿ ಎಪ್ಪತ್ತೊಂದನ್ನೂ ಸಾಹೇಬನ ಹೆಸರಿಗೇ ಬರೆದು, ದಿನಕ್ಕೆ ಅರ್ಧ ಬಕೆಟ್ ಕುಡಿಸಿ ಎಂದು ಒಂದು ಮೂಟೆ ಪುಡಿ ಕೊಟ್ಟರು.

ಈ ಕೂಡುವ ಕಳೆಯುವ ಗಲಾಟೆಯಲ್ಲಿ ನಾನು ತಿರುಗಿ ನೋಡುವಷ್ಟರಲ್ಲಿ ಗುಂಡಿ ತಕ್ಕಡಿಯ ತಟ್ಟೆಯಲ್ಲೇ ತಲೆ ವಾಲಿಸಿ ಹೋಗಿಬಿಟ್ಟಿತ್ತು. ಒಂದು ಸತ್ತಿತೆಂದಾದರೂ ಬರೆದುಕೊಳ್ಳಿ ಎಂದೆ.

“ಇಲ್ಲದೇ ಇರೋದು ಹೇಗೆ ಸಾಯುತ್ತೆ ಅಮ್ಮ?” ಎಂದರು. ಕುಹಕದಿಂದ ಕೇಳಿದ್ದಲ್ಲ, ಅವರಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನ್ನಿಂದ ಆಗಲಿಲ್ಲ. ಆ ಸಿಟ್ಟನ್ನೆಲ್ಲ ಜೋಪಾನವಾಗಿ ತಮಗಾಗಿ ಎತ್ತಿಟ್ಟುಕೊಂಡಿದ್ದೇನೆ.

ಅಷ್ಟೂ ಹೊತ್ತು ಒಳಗೆ ಕಿಟಕಿಯ ಬಳಿ ಕೂತು ನಮ್ಮನ್ನೇ ನೋಡುತ್ತಿದ್ದ ತಮ್ಮ ವೈದ್ಯರು ನಾವು ಹೊರಟಾಗ ಚಹಾ ಕುಡಿಯಲು ಗೇಟಿನಾಚೆಯ ಅಂಗಡಿಗೆ ಬಂದರು. ಸಾಹೇಬನ ಕಾಲು ಮುಟ್ಟಿ ನೋಡಿ ಹೇಳಿದರು: “ಕೋಳಿಮರಿ ಆಹಾರದಲ್ಲಿ ಇವಕ್ಕೆ ಬೇಕಾದಷ್ಟು ನಯಾಸಿನ್ ಅನ್ನೋ ವಿಟಮಿನ್ ಇರಲ್ಲ, ಅದಕ್ಕೇ ಕಾಲು ಸೋತಿದೆ. ಅದು ಹೇರಳವಾಗಿರೋ ಬ್ರೂವರ್ಸ್ ಯೀಸ್ಟ್ ಪುಡಿ ಬೆರೆಸಿ ಹಾಕಿ. ಕಾಲು ಜಾರದ ಹಾಗೆ ಒರಟು ಬಟ್ಟೆ ಹಾಸಿ, ಎರಡೂ ಕಾಲು ಸೇರಿಸಿ ಸಡಿಲವಾಗಿ ಪಟ್ಟಿ ಕಟ್ಟಿ. ಬೆಚ್ಚಗಿರಲಿ. ಗರಿ ಬಲಿಯೋವರೆಗೂ ಈಜು ಬೇಡವೇ ಬೇಡ.”

“ಇದನ್ನ ಒಳಗೇ ಹೇಳಬಹುದಿತ್ತಲ್ಲ ಡಾಕ್ಟ್ರೇ.”

“ಒಳಗೆ ರೋಗಿನೇ ಇರಲಿಲ್ಲವಲ್ಲ ತಾಯಿ,” ಎಂದು ಲೋಟ ಕೆಳಗಿಟ್ಟರು.

ಹಾಗಾದರೆ ಮಾನ್ಯರೇ, ತಮ್ಮ ಆಸ್ಪತ್ರೆ ಇರುವುದು ಗೇಟಿನ ಒಳಗೋ, ಹೊರಗೋ? ಗುಂಡಿಯನ್ನು ನಾನು ನೇರ ಚಹಾದಂಗಡಿಗೇ ಒಯ್ಯಬೇಕಿತ್ತೇ? ನಾನು ಹೊಲಿದ ಎಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು, ಯೀಸ್ಟ್ ತಿಂದು, ಸಾಹೇಬ ಈಗ ಎದ್ದು ಓಡಾಡುತ್ತಿದ್ದಾನೆ. ನನ್ನ ಗಂಡ ಸೀಟಿಯನ್ನು ಮೊಳೆಗೆ ನೇತುಹಾಕಿ, ಯಾರೂ ಹೇಳದಿದ್ದರೂ ಮರಿಗಳ ಪಕ್ಕದ ಬಿಸಿನೀರಿನ ಬಾಟಲಿ ಬದಲಿಸುತ್ತಾರೆ. ಅತ್ತೆಯದು ಒಂದೇ ಹಟ: “ಹಿಡ್ಕೊಂಡು ಹೋಗೋದಾದ್ರೆ ಹೋಗ್ಲಿ, ಆ ಮೆಷಿನ್ ಮಾತ್ರ ಇನ್ನೊಂದು ಸಲ ಹತ್ತಲ್ಲ. ನನ್ನ ತೂಕಾನ ಎಮ್ಮೆಗಳಿಗೂ ಕೇಳೋ ಹಾಗೆ ಕೂಗಿದ್ರಲ್ಲ.”

ಆದ್ದರಿಂದ ನನ್ನ ಅತ್ತೆಯನ್ನು ಬಾತುಕೋಳಿಗಳ ಪಟ್ಟಿಯಿಂದ ಈ ಕೂಡಲೇ ಬಿಡುಗಡೆ ಮಾಡಬೇಕು. ಈ ಪತ್ರದ ಜೊತೆ ಅಡುಗೆಮನೆಯ ತಕ್ಕಡಿಯನ್ನೂ ಕಳಿಸುತ್ತಿದ್ದೇನೆ. ಮನೆಯಲ್ಲಿ ಅದನ್ನು ಮತ್ತೆ ಬಳಸಲು ನನಗೆ ಮನಸ್ಸಿಲ್ಲ. ಬೇಕಾದ ಮುದ್ರೆಯನ್ನು ತಾವೇ ಒತ್ತಿಸಿ ಕೌಂಟರಿನ ಮೇಲಿಡಿಸಿ, ಇನ್ನು ಮುಂದೆ ಎಷ್ಟೇ ಸಣ್ಣ ಜೀವ ಬಂದರೂ ಅದರಲ್ಲಿ ತೂಗಿಸಿ. ಅದರಲ್ಲಿ ತೂಗಿದ ಮೊದಲ ರೋಗಿಯ ಹೆಸರು ಗುಂಡಿ. ತೂಕ ತೊಂಬತ್ತು ಗ್ರಾಂ. ಇಷ್ಟನ್ನು ತಮ್ಮ ಕೈಯಾರೆ ಬರೆದುಕೊಳ್ಳಿ.

ಇಂತಿ,
ತಮ್ಮ ದಾಖಲೆಯ ಪ್ರಕಾರ
ಬಾತುಕೋಳಿಯೊಂದರ ಸೊಸೆ