ಹದಿನೈದು ಡಬ್ಬಿ, ಒಂದು ದೊಡ್ಡ ಮಷಿನ್

ಕಾರಟಗಿ
8 ಆಗಸ್ಟ್ 2009, ಶನಿವಾರ

ಪ್ರೀತಿಯ ನನ್ನವರಿಗೆ,

ಹೇಗಿದ್ದೀರಿ? ನಿಮ್ಮ ಗಡಿ ಠಾಣೆಯ ಚಳಿಗೆ ಮೊಣಕಾಲು ಮತ್ತೆ ಹಿಡಿದುಕೊಂಡಿದೆ ಎಂದು ಬರೆದಿದ್ದಿರಿ. ಎಣ್ಣೆ ಕಳಿಸಿದ್ದೇನೆ. ಪೆಟ್ಟಿಗೆಯಲ್ಲಿಟ್ಟು ಕಾಯಬೇಡಿ, ಹಚ್ಚಿಕೊಳ್ಳಿ. ಇಲ್ಲಿ ನಿಮ್ಮ ಅಪ್ಪ, ಅವ್ವ ಆರಾಮಾಗಿದ್ದಾರೆ. ಆರಾಮಿಲ್ಲದವಳು ನಾನೊಬ್ಬಳೇ, ಅದಕ್ಕೆ ಕಾರಣ ನಿಮ್ಮ ಅಪ್ಪ.

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆ ನಿಮಗೆ ಗೊತ್ತೇ ಇದೆ. ನಾಲ್ಕು ಹಳೆಯ ಯಂತ್ರಗಳು, ಒಂದೊಂದರ ಮುಂದೆ ಹತ್ತು ಮಕ್ಕಳು. ಹುಡುಗರು ಮೌಸ್ ಹಿಡಿದರೆ ಬಿಡುವುದಿಲ್ಲ. ಹತ್ತನೇ ತರಗತಿಯ ತಾಜಬೀ ಎಂಟನೆಯದರಿಂದಲೂ ಬೇರೆಯವರ ಹೆಗಲ ಮೇಲಿಂದ ಇಣುಕಿಯೇ ಕಂಪ್ಯೂಟರ್ ಕಲಿತವಳು. ಈ ಸಲ ಆಡಳಿತ ಮಂಡಳಿ ಕೊಟ್ಟ ಹಣಕ್ಕೆ ಪೂರ್ತಿ ಕಂಪ್ಯೂಟರ್ ಆರೇ ಬರುತ್ತಿದ್ದವು. ಥಿನ್ ಕ್ಲೈಂಟ್ ಎನ್ನುವ ಸಣ್ಣ ಡಬ್ಬಿಗಳಾದರೆ ಪರದೆ ಸಮೇತ ಹದಿನೈದು ಬರುತ್ತವೆ, ಎಲ್ಲವೂ ಒಂದೇ ದೊಡ್ಡ ಮಷಿನ್ನಿನ ಬಲದಿಂದ ನಡೆಯುತ್ತವೆ ಎಂದೆ. ಹೇಳಿದ್ದೇ ತಪ್ಪಾಯಿತು.

ಗಂಗಾವತಿಯ ಅಂಗಡಿಯಿಂದ ಒಂದು ಡಬ್ಬಿ ತರಿಸಿ ಸಭೆಯಲ್ಲಿಟ್ಟರೆ, ಸದಸ್ಯ ಓಬಳೆಪ್ಪನವರು ಅದನ್ನು ಅಂಗೈಯಲ್ಲಿ ತೂಗಿ, “ಭಾರನ ಇಲ್ಲಲ್ರೀ ಟೀಚರ್, ಒಳಗ ಸಾಮಾನು ಐತೋ ಇಲ್ಲೋ?” ಎಂದರು. ಉಳಿದವರೂ ಒಬ್ಬೊಬ್ಬರಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು! ನಾನು ಅಧ್ಯಕ್ಷರ ಕಡೆ, ಅಂದರೆ ನಿಮ್ಮ ಅಪ್ಪನ ಕಡೆ ತಿರುಗಿ, “ನಮ್ಮ ಗಿರಣ್ಯಾಗ ಒಂದ ಮೋಟರ್ ಮ್ಯಾಲೆ ಎಲ್ಲಾ ಬೆಲ್ಟು ತಿರಗ್ತಾವಲ್ರೀ ಮಾವಾರ, ಹಂಗ ಇದು” ಎಂದೆ. ಅವರು ತಕ್ಷಣ, “ಮೋಟರ್ ಸುಟ್ಟರ ಗಿರಣಿ ಪೂರಾ ಬಂದ್. ಆವಾಗ ಹದಿನೈದು ಡಬ್ಬಿ ಇಟ್ಕೊಂಡು ಏನ್ ಮಾಡ್ತಿ ವಾಣಿ? ದೊಡ್ಡ ಮಷಿನ್ ಎರಡಿದ್ರ ಹೂಂ ಅಂತೀನಿ, ಇಲ್ಲಂದ್ರ ಇಲ್ಲ” ಎಂದುಬಿಟ್ಟರು. ಎರಡಕ್ಕೆ ಹಣವಿಲ್ಲ. ನನಗೆ ಹೆಚ್ಚು ಸಿಟ್ಟು ಬಂದದ್ದು ಅವರು ಹೇಳಿದ್ದು ಸರಿಯಾಗಿತ್ತು ಎನ್ನುವುದಕ್ಕೆ. ರಾತ್ರಿ ಅವರ ತಟ್ಟೆಗೆ ರೊಟ್ಟಿಯನ್ನು ಠಪ್ಪೆಂದು ಹಾಕಿದೆ. ಮರುದಿನ “ಎರಡನೇದು ನಾ ತರ್ತೀನ್ರಿ” ಎಂದು ಹೇಳಿ ಒಪ್ಪಿಗೆ ಪಡೆದೆ.

ಡಬ್ಬಿಗಳು ಬಂದವು. ಹೊಸ ದೊಡ್ಡ ಮಷಿನ್ ಮಾತ್ರ ಬಂದ ದಿನವೇ ಕೆಟ್ಟು ವಾಪಸ್ ಹೋಯಿತು. ಅಂಗಡಿಯವನದು ದಿನಾ ಒಂದೇ ರಾಗ, “ನಾಳೆ ಕಳಸ್ತೀನ್ರಿ ಮೇಡಂ.” ಸದ್ಯ ಹದಿನೈದೂ ನಾನು ತಂದದ್ದರ ಮೇಲೆಯೇ ನಡೆದಿವೆ. ಮೊನ್ನೆ ತಾಜಬೀ ಮೊದಲ ಸಲ ತನ್ನದೇ ಪರದೆಯ ಮುಂದೆ ಕೂತಳು. ಬೆಲ್ ಹೊಡೆದರೂ ಏಳಲಿಲ್ಲ. “ಇನ್ನೊಂದ ಸಾಲು ಬರಿತೀನ್ರಿ ಟೀಚರ್” ಎಂದಳು. ನನಗೂ ಎಬ್ಬಿಸುವ ಮನಸ್ಸಾಗಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಿ. ಅವ್ವ ನಿಮಗೆ ಹರಸಿ, ಕೊರಳಿಗೆ ಮಫ್ಲರ್ ಸುತ್ತಿಕೊಳ್ಳಲು ಹೇಳಿದ್ದಾರೆ.

ನಿಮ್ಮ
ವಾಣಿಶ್ರೀ

ತಾ.ಕ.: ಟಪಾಲು ಎತ್ತುವ ಹೊತ್ತಾಯಿತು, ಹೇಳಿಬಿಡುತ್ತೇನೆ. ಆ ಎರಡನೆಯ ಮಷಿನ್ ನಿಮ್ಮದು. ಹೌದು, ವಿಡಿಯೋ ಎಡಿಟ್ ಮಾಡಲು ಕೊಂಡು, ಬಟ್ಟೆ ಹೊದಿಸಿ, “ಯಾರೂ ಮುಟ್ಟಬ್ಯಾಡ್ರಿ” ಎಂದು ಹೋದಿರಲ್ಲ, ಅದೇ. ಫೋಟೋಗಳನ್ನೆಲ್ಲ ಸಿಡಿಗೆ ಹಾಕಿಟ್ಟಿದ್ದೇನೆ. ಬೈಯುವುದಿದ್ದರೆ ನನ್ನೊಬ್ಬಳನ್ನೇ ಬೈಯಬೇಡಿ. ಅದನ್ನು ಅಟ್ಟದ ಕೋಣೆಯಿಂದ ಎತ್ತಿಕೊಂಡು ಬಂದು ಜೀಪಿನಲ್ಲಿಟ್ಟವರು ನಿಮ್ಮ ಅಪ್ಪ. ಇಟ್ಟು, “ಅವಗ ನೀನ ಬರದ ಹೇಳವಾ, ನಾ ಅಂತೂ ಹೇಳಂಗಿಲ್ಲ” ಎಂದರು.